ಬರಿಗಾಲಿನ ಕ್ಯಾಪ್ಟನ್

ಬೆಳಗ್ಗೆ ಆರೂವರೆಗೆ ಮೈಲಾಪೂರಿನ ದೇವಸ್ಥಾನದ ಕೊಳದ ಕಂಬಿ ಹಿಡಿದು ನಿಂತು, ನೀರನ್ನೊಮ್ಮೆ ಆಕಾಶವನ್ನೊಮ್ಮೆ ನೋಡಿ, ಈ ದಿನ ಇಲ್ಲಿ ವಿಮಾನ ಇಳಿಸಬಹುದೋ ಇಲ್ಲವೋ ಎಂದು ತೀರ್ಪು ಕೊಡುವ ಮನುಷ್ಯ ಇನ್ನೊಬ್ಬ ಇದ್ದಾನೆಂದು ನನಗನ್ನಿಸುವುದಿಲ್ಲ.

"ಇಳೀಬಹುದ್ರಿ ಮಾಸ್ತರ," ಎನ್ನುತ್ತಿದ್ದರು. "ಗಾಳಿ ಸಮುದ್ರದ ಕಡೆಯಿಂದ ಐತಿ. ಆ ಗೋಪುರದ ಬಾಜೂಕ ಬಂದು, ಹಿಂಗ ತಿರುಗಿ, ನಡುವಿನ ಮಂಟಪ ತಪ್ಪಿಸಿ ಇಳಿಸಿಬಿಡಬಹುದು. ಆದ್ರ ಮ್ಯಾಲ ಏಳಾಕ ಬರೂದಿಲ್ಲ. ಜಾಗ ಸಾಲೂದಿಲ್ಲ."

"ಹಾಗಾದ್ರೆ ಇಳಿದು ಏನು ಮಾಡ್ತೀರಿ ಕ್ಯಾಪ್ಟನ್?"

"ಏನ್ ಮಾಡೂದು, ಇಲ್ಲೇ ಇರೂದು. ಈಗ ಅದೀನಲ್ಲ, ಹಂಗ."

ಹೋದ ತಿಂಗಳು ಅವರು ತೀರಿಕೊಂಡರು. ನಮ್ಮ ಫ್ಲ್ಯಾಟ್ಸಿನ ನೋಟೀಸ್ ಬೋರ್ಡಿನಲ್ಲಿ ಅವರ ಹೆಸರು ಬರೆದು ಹಾಕಿದಾಗ ಅರ್ಧ ಜನಕ್ಕೆ ಯಾರೆಂದೇ ತಿಳಿಯಲಿಲ್ಲ. ಕೆಳಗಡೆ ಯಾರೋ ಪೆನ್ನಿನಲ್ಲಿ 'ಕ್ಯಾಪ್ಟನ್' ಎಂದು ಸೇರಿಸಿದ ಮೇಲೆ ಎಲ್ಲರೂ ಅಯ್ಯೋ ಎಂದರು. ಆದ್ದರಿಂದ ಇಲ್ಲಿ ನಾನೂ ಹೆಸರು ಬರೆಯುವ ಗೋಜಿಗೆ ಹೋಗುವುದಿಲ್ಲ.

ಅವರು ಗದಗಿನ ಕಡೆಯವರು. ಅವರ ತಂದೆ ಬಟ್ಟೆ ವ್ಯಾಪಾರಕ್ಕೆಂದು ಮದರಾಸಿಗೆ ಬಂದು ಇಲ್ಲೇ ಬೇರು ಬಿಟ್ಟವರು. ಮಗ ಮಾತ್ರ ಬಟ್ಟೆ ಅಳೆಯುವುದನ್ನು ಬಿಟ್ಟು ವಿಮಾನ ಕಲಿತು, ಇಪ್ಪತ್ತಾರು ವರ್ಷ ಮಾಲ್ಡೀವ್ಸಿನ ದ್ವೀಪದಿಂದ ದ್ವೀಪಕ್ಕೆ ಹಾರಾಡಿದರು. ಅದು ದೊಡ್ಡ ವಿಮಾನವಲ್ಲ. ಹದಿನೈದು ಜನ ಕೂತರೆ ತುಂಬಿಹೋಗುವ, ಚಕ್ರದ ಬದಲು ಹೊಟ್ಟೆಯ ಕೆಳಗೆ ಎರಡು ಉದ್ದನೆಯ ದೋಣಿ ಕಟ್ಟಿಕೊಂಡ, ಸಮುದ್ರದ ಮೇಲೇ ಇಳಿದು ಸಮುದ್ರದಿಂದಲೇ ಏಳುವ ವಿಮಾನ. ಮದುವೆ ಆಗಿರಲಿಲ್ಲ. ಯಾಕೆಂದು ನನ್ನ ಹೆಂಡತಿ ಒಮ್ಮೆ ನೇರವಾಗಿಯೇ ಕೇಳಿದಳು. "ಮುಂದ ಎರಡ ಸೀಟು ಇರ್ತಾವ್ರಿ ವೈನಿ. ಒಂದರಾಗ ನಾನು, ಇನ್ನೊಂದರಾಗ ಕೋ-ಪೈಲಟ್. ಎಲ್ಲಿ ಕುಂದರಸಲಿ?" ಎಂದರು. ಆಮೇಲೆ ಅವಳು ಆ ವಿಷಯ ಎತ್ತಲಿಲ್ಲ.

ನಾನು ಅವರ ಕೆಳಗಿನ ಮಹಡಿಯವನು. ಇಲ್ಲಿನ ಒಂದು ಶಾಲೆಯಲ್ಲಿ ಮೂವತ್ತೆರಡು ವರ್ಷ ಭೂಗೋಳ ಕಲಿಸಿ ನಿವೃತ್ತನಾದವನು. ನಮ್ಮದು ನಾಲ್ಕು ತಲೆಮಾರಿನಿಂದ ಮದರಾಸಿನಲ್ಲೇ ಇರುವ ವೈಷ್ಣವ ಮನೆತನ. ನಮ್ಮ ಕನ್ನಡಕ್ಕೆ ತಮಿಳು ಎಷ್ಟು ಬೆರೆತಿದೆಯೆಂದರೆ ಯಾವುದು ಯಾವುದೆಂದು ನಮಗೇ ಗೊತ್ತಾಗುವುದಿಲ್ಲ. ನನ್ನ ಮಗಳಂತೂ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಇಂಥ ಮನೆಯ ಮೇಲ್ಮಹಡಿಯಿಂದ ದಿನಾ ಬೆಳಗ್ಗೆ "ಮಾಸ್ತರ, ಬರ್ತೀರೇನು?" ಎಂಬ ಅಚ್ಚ ಗದಗಿನ ದನಿ ಇಳಿದು ಬರುತ್ತಿತ್ತು.

ಅವರನ್ನು ನಾನು ಮೊದಲು ನೋಡಿದ್ದು ಎಂಟು ವರ್ಷದ ಹಿಂದೆ, ನಮ್ಮ ಮೆಟ್ಟಿಲಿನಲ್ಲಿ. ಲಿಫ್ಟು ಕೆಟ್ಟಿತ್ತು. ಎತ್ತರದ, ಬಿಸಿಲಿಗೆ ಬೆಂದು ಕಂದಾದ ಮನುಷ್ಯ ಕೈಯಲ್ಲೊಂದು ಪೆಟ್ಟಿಗೆ ಹಿಡಿದು ಬರಿಗಾಲಿನಲ್ಲಿ ಮೇಲೆ ಹತ್ತುತ್ತಿದ್ದರು. ನಮ್ಮ ಬೀದಿಯಲ್ಲಿ ಬರಿಗಾಲಿನವರನ್ನು ಕಂಡರೆ ಎಲ್ಲರೂ ಕೇಳುವುದನ್ನೇ ನಾನೂ ಕೇಳಿದೆ: "ದೇವಸ್ಥಾನದಿಂದ ಬಂದ್ರಾ?"

"ಇಲ್ರಿ. ಏರ್‌ಪೋರ್ಟಿನಿಂದ," ಎಂದರು.

ಆ ದ್ವೀಪಗಳಲ್ಲಿ ಪೈಲಟ್‌ಗಳು ಬೂಟು ಹಾಕುವುದಿಲ್ಲವಂತೆ. ನೀರಿನಲ್ಲಿ ನಿಂತ ವಿಮಾನಕ್ಕೆ ಹತ್ತಿ ಇಳಿದು ಬೂಟು ಒದ್ದೆಯಾಗುತ್ತದೆ, ಜಾರುತ್ತದೆ. ಯೂನಿಫಾರ್ಮಿನ ಬಿಳಿ ಅಂಗಿ, ಭುಜದ ಮೇಲೆ ಪಟ್ಟಿ, ಕೆಳಗೆ ನೋಡಿದರೆ ಬರಿಗಾಲು. "ಪೆಡಲಿನ ಮ್ಯಾಲ ಬರೇ ಪಾದ ಇಟ್ರ ನೀರಿನ ಮನಸಿನಾಗ ಏನೈತಿ ಅಂತ ತಿಳೀತೈತ್ರಿ," ಎಂದು ಆಮೇಲೊಂದು ದಿನ ಹೇಳಿದರು. ಚೆನ್ನೈಗೆ ಬಂದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಕತ್ತರಿ ಬಿಸಿಲಿನಲ್ಲಿ, ಟಾರು ಮೆತ್ತಗಾಗುವಂಥ ಮೇ ತಿಂಗಳಿನಲ್ಲಿ, ಕಾಲಿಗೆ ಹಾಕಬೇಕಾದ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ನೆರಳಿನಿಂದ ನೆರಳಿಗೆ ಹಾರುತ್ತ ಹಾಲಿನ ಬೂತಿಗೆ ಹೋಗುತ್ತಿದ್ದರು.

ಇನ್ನೊಂದು ಅಭ್ಯಾಸದಿಂದ ನಮ್ಮ ಮನೆಯಲ್ಲಿ ಜಗಳವೇ ಆಯಿತು. ಸಣ್ಣ ವಿಮಾನದಲ್ಲಿ ಯಾರು ಎಲ್ಲಿ ಕೂರಬೇಕೆಂಬುದು ತೂಕದ ಮೇಲೆ ಹೋಗುತ್ತದೆ. ಹಿಂದೆ ಭಾರವಾದರೆ ಬಾಲ ತಗ್ಗುತ್ತದೆ, ಮುಂದೆ ಭಾರವಾದರೆ ಮೂಗು ತಗ್ಗುತ್ತದೆ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದವರಿಗೆ ಮನುಷ್ಯರನ್ನು ನೋಡಿದ ಕೂಡಲೆ ತೂಕ ಕಾಣುತ್ತಿತ್ತು. ನನ್ನ ಅಣ್ಣನ ಮಗಳ ಮದುವೆಗೆ ತಾಂಬರಂಗೆ ಹೋಗಲು ವ್ಯಾನ್ ಬಂದು ನಿಂತಾಗ ಯಾರೂ ಕೇಳದಿದ್ದರೂ ಇವರೇ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಹತ್ತಿಸಿದರು. ನನ್ನ ಅತ್ತಿಗೆ ಕಿಟಕಿ ಪಕ್ಕ ಕೂತದ್ದನ್ನು ನೋಡಿ, "ಅಕ್ಕಾರ, ನೀವು ನಡುವ ಬರ್ರಿ. ಎಂಬತ್ತಕ್ಕ ಎರಡು ಕಡಿಮಿ ಅದೀರಿ," ಎಂದುಬಿಟ್ಟರು. ಅತ್ತಿಗೆ ಎರಡು ತಿಂಗಳು ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ತಾಂಬರಂ ಸ್ಟೇಷನ್ನಿನ ಹತ್ತಿರ ತೂಕದ ಮಿಷನ್ ಹತ್ತಿ ನೋಡಿದಳಂತೆ, ಎಪ್ಪತ್ತೆಂಟು ಬಂತಂತೆ. ಸಿಟ್ಟು ಇಳಿಯದಿರುವುದಕ್ಕೆ ನಿಜವಾದ ಕಾರಣ ಅದು.

ಹೊತ್ತು ಮುಳುಗುವುದರೊಳಗೆ ಅವರು ಮನೆಯಲ್ಲಿರಬೇಕು. ಆ ದ್ವೀಪಗಳಲ್ಲಿ ಕತ್ತಲಲ್ಲಿ ಹಾರುವಂತಿಲ್ಲ, ನೀರಿಗೆ ದೀಪ ಕಟ್ಟುವವರು ಯಾರು? ಆದ್ದರಿಂದ ಮದುವೆಯಾದರೆ ಮುಹೂರ್ತಕ್ಕೆ ಮಾತ್ರ, ಸಂಜೆಯ ಆರತಕ್ಷತೆಗೆ ಇಲ್ಲ. ಟೆರೇಸಿನಲ್ಲಿ ಮಾತಾಡುತ್ತ ಕೂತಿದ್ದರೂ ಸೂರ್ಯ ಪಡುವಣದ ಕಟ್ಟಡಗಳ ಹಿಂದೆ ಸರಿಯುತ್ತಿದ್ದಂತೆ ಮಾತನ್ನು ಅರ್ಧಕ್ಕೆ ಬಿಟ್ಟು ಎದ್ದುಬಿಡುತ್ತಿದ್ದರು. ಕಥೆಯ ಉಳಿದರ್ಧ ಮರುದಿನ ಕೊಳದ ಹತ್ತಿರ ಸಿಗುತ್ತಿತ್ತು.

ಕಥೆಗಳೆಂದರೆ ಅಂಥ ಸಾಹಸದ ಕಥೆಗಳೇನಲ್ಲ. ಮೇಲಿನಿಂದ ಹೊಸಬರು ಮೋಡದ ನೆರಳನ್ನೇ ದ್ವೀಪವೆಂದು ಎಣಿಸುತ್ತಿದ್ದುದು. ಒಬ್ಬಳು ಮುದುಕಿ ತನ್ನ ದ್ವೀಪ ಬಂದಾಗಲೆಲ್ಲ, ಅಷ್ಟು ಎತ್ತರದಿಂದ ಯಾರೂ ಕಾಣದಿದ್ದರೂ, ಕಿಟಕಿಗೆ ಕೈಯಿಟ್ಟು ಬೀಸುತ್ತಿದ್ದುದು. ಒಂದು ಮರಳದಿಬ್ಬವಿತ್ತಂತೆ, ಮಳೆಗಾಲಕ್ಕೆ ಒಂದು ಕಡೆ, ಬೇಸಿಗೆಗೆ ಇನ್ನೊಂದು ಕಡೆ ಹೋಗಿ ಕೂರುತ್ತಿತ್ತಂತೆ. "ಪ್ರತಿ ವರ್ಷ ಅದನ್ನ ಹುಡುಕೂದ ಒಂದು ಆಟ. ಸಿಕ್ಕ ಮ್ಯಾಲ ರೆಕ್ಕಿ ಒಂದೀಟ ಬಗ್ಗಿಸಿ ನಮಸ್ಕಾರ ಮಾಡ್ತಿದ್ದೆ." ನಾನು ನಕ್ಷೆ ತೆಗೆದು ತೋರಿಸಿ, ಅಂಥ ದಿಬ್ಬವೇ ಇಲ್ಲವೆಂದು ವಾದಿಸಿದೆ. "ನಕ್ಷಾ ಬರೆಯೂಮುಂದ ಅದು ಎಲ್ಲೋ ಹೋಗಿರಬೇಕ್ರಿ," ಎಂದರು. ಇಂಥವರ ಜೊತೆ ಭೂಗೋಳದ ಮೇಷ್ಟ್ರು ಏನು ವಾದ ಮಾಡಲಿಕ್ಕಾಗುತ್ತದೆ ಹೇಳಿ.

ಟೆರೇಸಿನಲ್ಲಿ ಆ ಮಾತು ಕೇಳುತ್ತ ಕೇಳುತ್ತ ಒಣಹಾಕಿದ ಬಟ್ಟೆ, ಡಿಶ್ ಆಂಟೆನಾ, ಪಕ್ಕದ ಮನೆಯ ನುಗ್ಗೆ ಮರ ಎಲ್ಲ ಮೆಲ್ಲಗೆ ದೂರ ಹೋಗುತ್ತಿದ್ದವು. ನಾನು ಕುರ್ಚಿಯಲ್ಲೇ ಇರುತ್ತಿದ್ದೆ. ಕೆಳಗೆ ಹಸಿರುನೀಲಿ ನೀರು, ಅದರೊಳಗೆ ಬಿಳಿಯ ಉಂಗುರಗಳು ಒಂದರ ಹಿಂದೊಂದು ಸರಿದು ಹೋಗುತ್ತಿದ್ದವು. ಹೆಂಡತಿ ಕೆಳಗಿನಿಂದ ಕಾಫಿಗೆ ಕೂಗಿದರೆ ಒಂದು ಕ್ಷಣ ಯಾವ ಊರೆಂದು ಹೊಳೆಯುತ್ತಿರಲಿಲ್ಲ.

ಸಮುದ್ರದ ಯಾವ ನೀರಿಗೆ ಹೆದರಿದ್ದಿರಿ ಎಂದು ಒಮ್ಮೆ ಕೇಳಿದೆ. ದೊಡ್ಡ ಅಲೆ, ಬಿರುಗಾಳಿ ಎನ್ನುತ್ತಾರೆಂದುಕೊಂಡಿದ್ದೆ.

"ಅಲೆ ಇದ್ರ ಕಾಣ್ತೈತಲ್ರಿ, ಅದಕ್ಯಾಕ ಹೆದರೂದು," ಎಂದರು. "ಹೆದರಬೇಕಾದ್ದು ಕನ್ನಡಿ ನೀರಿಗೆ. ಗಾಳಿ ಸತ್ತ ದಿನ ಸಮುದ್ರ ಹಂಗ ಆಗತೈತಿ. ಮಂದಿ ಎಲ್ಲಾ ಆಹಾ ಅಂತ ಫೋಟೋ ತಗೀತಾರ. ನಮಗ ಎದಿ ಡವಡವ. ಯಾಕಂದ್ರ ನೀರ ಕಾಣೂದಿಲ್ಲ. ಬರೇ ಆಕಾಶ ಕಾಣ್ತೈತಿ, ಮ್ಯಾಲೂ ಕೆಳಗೂ. ಇನ್ನೂ ಐವತ್ತು ಅಡಿ ಐತೋ, ಐದು ಅಡಿ ಐತೋ, ತಿಳಿಯೂದಿಲ್ಲ."

"ಆಗ ಏನು ಮಾಡೋದು?"

"ನೀರು ಎಲ್ಲೈತಿ ಅಂತ ಹುಡುಕಬಾರ್ದು. ಹುಡುಕಾಕ ಹೋದ್ರ ಮೂಗು ತಗ್ಗಿಸ್ತೀವಿ, ಮುಗೀತು. ಮೂಗು ಒಂದೀಟ ಮ್ಯಾಲ ಹಿಡಕೊಂಡು, ಎಂಜಿನ್ ಪೂರ್ತಿ ಸಣ್ಣ ಮಾಡದ, ಸಾವಕಾಶ ಇಳ್ಕೋತ ಕಾಯ್ಬೇಕು. ನೀರ ಬಂದು ಮುಟ್ಟತೈತಿ."

ಅಷ್ಟು ಹೇಳಿ ಎರಡೂ ಪಾದಗಳನ್ನು ನೆಲದಿಂದ ಒಂದಿಷ್ಟು ಎತ್ತಿ, ಹಾಗೇ ಹಿಡಿದು, ಮೆಲ್ಲಗೆ ಇಳಿಸಿದರು. ಬರಿಗಾಲು ಟೆರೇಸಿನ ಹೆಂಚಿಗೆ ತಾಗಿದ್ದು ಕೇಳಿಸಲೂ ಇಲ್ಲ.

ಅವರು ವಿಮಾನ ಬಿಟ್ಟದ್ದು ವಯಸ್ಸಿನಿಂದಲ್ಲ, ಕಣ್ಣಿನಿಂದ. ಗ್ಲಾಕೋಮ. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ಅಂಚಿನಿಂದ ಶುರುವಾಗಿ ನೋಟ ಕಿರಿದಾಗುತ್ತ ಬರುತ್ತದೆ. ಪೈಲಟ್‌ಗಳ ವೈದ್ಯಕೀಯ ಪರೀಕ್ಷೆಯಲ್ಲಿ ಅದು ಸಿಕ್ಕಿಬಿತ್ತು, ಲೈಸೆನ್ಸ್ ಹೋಯಿತು. ದಿನಾ ಹನಿ ಹಾಕಿಕೊಳ್ಳುತ್ತಿದ್ದರು. ಆರು ತಿಂಗಳಿಗೊಮ್ಮೆ ಕಣ್ಣಿನ ಡಾಕ್ಟರ ಹತ್ತಿರ ಹೋಗುವಾಗ ನಾನೂ ಜೊತೆಗೆ ಹೋಗುತ್ತಿದ್ದೆ. ಪ್ರತಿ ಸಲವೂ ನೋಟ ಸ್ವಲ್ಪ ಕಡಿಮೆಯಾಗಿರುತ್ತಿತ್ತು.

ನಾಲ್ಕು ವರ್ಷದ ಹಿಂದೆ ಅಂಥ ಒಂದು ಭೇಟಿ ಮುಗಿಸಿ ಆಟೋದಲ್ಲಿ ವಾಪಸು ಬರುವಾಗ ಅವರು ನನ್ನನ್ನು ಒಂದು ಮಾತು ಕೇಳಿದರು. ಎಂಟು ವರ್ಷದ ಸ್ನೇಹದಲ್ಲಿ ಅವರು ನನ್ನ ಹತ್ತಿರ ಕೇಳಿದ್ದು ಅದೊಂದೇ.

"ಮಾಸ್ತರ, ಈಗ ಪೈಪಿನಾಗ ನೋಡಿದಂಗ ಕಾಣ್ತೈತಿ. ಇದು ಮುಚ್ಚೂದ್ರಾಗ ಒಮ್ಮೆ ಅಲ್ಲಿ ಕಿಟಕಿ ಬಾಜೂಕ ಕುಂತು ಆ ನೀರ ನೋಡಬೇಕ್ರಿ. ನಡಸಾಕ ಅಲ್ಲ, ಬರೇ ಕುಂದರಾಕ. ಒಬ್ಬನ ಹೋಗಾಕ ಈಗ ಧೈರ್ಯ ಸಾಲೂದಿಲ್ಲ. ನೀವು ಬರ್ತೀರೇನು?"

"ಖಂಡಿತ ಬರ್ತೀನಿ ಕ್ಯಾಪ್ಟನ್," ಎಂದೆ.

ಈಗ ನನ್ನ ವಿಷಯ ಹೇಳಬೇಕು. ನಾನು ಅದುವರೆಗೂ ವಿಮಾನ ಹತ್ತಿದವನಲ್ಲ. ದೆಹಲಿಯ ತರಬೇತಿಗೂ ಎರಡು ರಾತ್ರಿ ರೈಲಿನಲ್ಲೇ ಹೋದವನು. ರೈಲಿನಲ್ಲಾದರೆ ಮಣ್ಣಿನ ಬಣ್ಣ ಬದಲಾಗುವುದು ಕಾಣುತ್ತದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ನಿಜವಾಗಿ ನನಗೆ ಹೆದರಿಕೆ. ಏಣಿ ಹತ್ತಿ ಫ್ಯಾನ್ ಒರೆಸುವುದಕ್ಕೂ ಆಗದಂಥ ಹೆದರಿಕೆ. ಮೊದಲ ವರ್ಷ ಮೊಣಕಾಲು ನೋವೆಂದೆ. ಎರಡನೆಯ ವರ್ಷ ಮಗಳ ನಿಶ್ಚಿತಾರ್ಥವೆಂದೆ. ಅವರು ಪ್ರತಿ ಸಲವೂ "ಆಗ್ಲಿ, ಆಗ್ಲಿ" ಎಂದರು. ಅವರ ಕಣ್ಣು ಕಾಯುವುದಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಳ್ಳಿಹಾಕಿದೆ.

"ಏನೂಂದ್ರೆ, ಆ ಮನುಷ್ಯ ಕೇಳಿದ್ದು ಒಂದೇ ಒಂದು. ನಿಮ್ಮ ಮೊಣಕಾಲು ದಿನಾ ಕೊಳಕ್ಕೆ ಹೋಗುವಾಗ ನೋಯಲ್ವಾ?" ಎಂದಳು ಹೆಂಡತಿ. ನಾನು ಪೇಪರ್ ಓದುತ್ತಿರುವಂತೆ ನಟಿಸಿದೆ.

ಆಮೇಲೆ ಒಂದು ಬೆಳಗ್ಗೆ, ಜನವರಿಯಲ್ಲಿ. ಕೊಳದ ಹತ್ತಿರ ಚೆನ್ನಾಗಿ ಗಾಳಿ ಬೀಸುತ್ತಿತ್ತು. ನೀರಿನ ತುಂಬ ಸಣ್ಣ ಸಣ್ಣ ಅಲೆ. ಯಾರೋ ಎಸೆದ ಹೂವಿನ ಹಾರವೊಂದು ಈ ದಡದಿಂದ ಆ ದಡಕ್ಕೆ ಓಡುತ್ತಿತ್ತು. ಕ್ಯಾಪ್ಟನ್ ಕಂಬಿ ಹಿಡಿದು ಬಹಳ ಹೊತ್ತು ನೋಡಿದರು.

"ಇವತ್ತು ಕನ್ನಡಿ ಆಗೈತ್ರಿ ಮಾಸ್ತರ," ಎಂದರು. "ಒಂದು ಸುಕ್ಕಿಲ್ಲ ನೋಡ್ರಿ."

ಗಾಳಿ ಅವರ ಅಂಗಿಯನ್ನು ಅಲ್ಲಾಡಿಸುತ್ತಿತ್ತು. ಅದು ಅವರಿಗೂ ಗೊತ್ತಾಗಿರಬೇಕು; ಕೈಯಿಂದ ಅಂಗಿಯ ಅಂಚನ್ನು ಮುಟ್ಟಿ ನೋಡಿಕೊಂಡರು. ನಾನು ಮನೆಗೆ ಬಂದು ಮಗಳನ್ನು ಕರೆದು, ಈಗಲೇ ಟಿಕೆಟ್ ಮಾಡು ಎಂದೆ. ಅವಳು ನನ್ನ ಮುಖ ನೋಡಿ, ತಮಾಷೆ ಮಾಡದೆ, "ಪೋಯ್ಟು ವಾಂಗಪ್ಪಾ," ಎಂದಳು, ಹೋಗಿ ಬನ್ನಿ ಅಪ್ಪಾ ಎಂದು.

ಹೊರಡುವ ಹೊತ್ತಿಗೆ ಅವರ ಎಡಗಣ್ಣು ಪೂರ್ತಿ ಹೋಗಿತ್ತು. ಬಲಗಣ್ಣಿಗೆ ಬೆಳಕು ಯಾವುದು, ಕತ್ತಲೆ ಯಾವುದು, ಅಷ್ಟು ತಿಳಿಯುತ್ತಿತ್ತು. ಆದರೂ ಹೋಗೋಣವೆಂದರು.

ಚೆನ್ನೈನಿಂದ ಮಾಲ್ಡೀವ್ಸಿನ ರಾಜಧಾನಿ ಮಾಲೆಗೆ ಹೋದ ದೊಡ್ಡ ವಿಮಾನದ ಬಗ್ಗೆ ನಾನು ಏನೂ ಬರೆಯಲಾರೆ. ಕೂತ ಕೂಡಲೆ ಕಣ್ಣು ಮುಚ್ಚಿದವನು ಇಳಿಯುವ ತನಕ ತೆಗೆಯಲಿಲ್ಲ. ಹೆಂಡತಿ ಕಟ್ಟಿಕೊಟ್ಟಿದ್ದ ಪುಳಿಯೋಗರೆಯನ್ನು ಕ್ಯಾಪ್ಟನ್ ಒಬ್ಬರೇ ತಿಂದರು.

ಮರುದಿನ ಬೆಳಗ್ಗೆ ಸಣ್ಣ ವಿಮಾನ. ನೀರಿನ ಮೇಲೆ ತೇಲುವ ಹಲಗೆಯ ಕಟ್ಟೆ, ಅದಕ್ಕೆ ಹಗ್ಗದಿಂದ ಕಟ್ಟಿದ ವಿಮಾನ. ನಮ್ಮ ಚೀಲಗಳನ್ನು ತೂಗಿದರು. ಕ್ಯಾಪ್ಟನ್ ತಮ್ಮ ಚೀಲ ತಕ್ಕಡಿಗೆ ಇಡುವ ಮೊದಲೇ ಇಷ್ಟು ಎಂದು ಹೇಳಿದರು, ಅಷ್ಟೇ ಇತ್ತು. ವಿಮಾನ ನಡೆಸುವವಳು ಒಬ್ಬ ಹೆಣ್ಣುಮಗಳು. ಹಿಂದೆ ಇವರ ಪಕ್ಕ ಕೂತು ಕಲಿತವಳಂತೆ. ಅವಳು ಬಂದು ಇವರ ಎರಡೂ ಕೈ ಹಿಡಿದುಕೊಂಡು ನಿಂತಳು. ಇವರು ಬಗ್ಗಿ ಅವಳ ಪಾದ ಇರುವ ಕಡೆ ಕೈ ಚಾಚಿ, "ಬೂಟು ಹಾಕಿಲ್ಲ ತಾನೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವಳು ಅಳುತ್ತಲೇ ನಕ್ಕಳು. ನಮ್ಮಿಬ್ಬರನ್ನೂ ಮೊದಲ ಸಾಲಿನಲ್ಲಿ, ತನ್ನ ಬೆನ್ನ ಹಿಂದೆಯೇ ಕೂರಿಸಿದಳು. ಕ್ಯಾಪ್ಟನ್ ಕಿಟಕಿ ಪಕ್ಕ. ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ತಳ್ಳಿ, ಎರಡೂ ಪಾದ ನೆಲಕ್ಕೆ ಒತ್ತಿ ಕೂತರು.

ಎಂಜಿನ್ ಗುಡುಗಿತು, ನೀರು ಕೆಳಗೆ ಬಡಿಯಿತು, ಆಮೇಲೆ ಬಡಿತ ನಿಂತಿತು. ಎದ್ದಿದ್ದೇವೆ ಎಂದು ಗೊತ್ತಾಯಿತು. ನಾನು ಸೀಟಿನ ಕಂಬಿ ಹಿಡಿದು, ಕಣ್ಣು ಬಿಗಿದು, ಅಷ್ಟಾಕ್ಷರಿ ಜಪಿಸುತ್ತಿದ್ದೆ.

"ಏನೇನು ಕಾಣ್ತೈತ್ರಿ ಮಾಸ್ತರ?" ಎಂದು ಅವರು ನನ್ನ ಕಿವಿಯ ಹತ್ತಿರ ಕೂಗಿ ಕೇಳಿದರು.

ಇಲ್ಲಿ ನಾನು ಮಾಡಿದ್ದನ್ನು ಮೂವತ್ತೆರಡು ವರ್ಷ ಒಂದೇ ಪಾಠ ಮಾಡಿದ ಮೇಷ್ಟ್ರು ಮಾತ್ರ ಮಾಡಬಲ್ಲ. ಕಣ್ಣು ತೆಗೆಯದೆಯೇ ಶುರುಮಾಡಿದೆ. ಹವಳದ ದಿಬ್ಬಗಳು ಉಂಗುರದ ಆಕಾರದಲ್ಲಿವೆ. ನಡುವೆ ಆಳವಿಲ್ಲದ ತಿಳಿಹಸಿರು ನೀರು. ಹೊರಗೆ ಕಡುನೀಲಿ ಆಳ ಸಮುದ್ರ. ದಡದಲ್ಲಿ ಬಿಳಿ ಮರಳು, ತೆಂಗಿನ ಮರಗಳು. ಒಂದು ಮಾತೂ ತಡವರಿಸಲಿಲ್ಲ. ಎಷ್ಟು ತರಗತಿಗಳಿಗೆ ಹೇಳಿದ ಪಾಠ. ಕ್ಯಾಪ್ಟನ್ ಪೂರ್ತಿ ಕೇಳಿಸಿಕೊಂಡರು.

"ಬಲಕ್ಕ ಸೂರ್ಯ ಐತೇನ್ರಿ, ಎಡಕ್ಕ ಐತೇನು?" ಎಂದರು.

"ಬಲಕ್ಕೆ," ಎಂದೆ ಊಹೆಯ ಮೇಲೆ.

"ನನ್ನ ಎಡಗಲ್ಲದ ಮ್ಯಾಲ ಬಿಸಿಲು ಬಿದ್ದೈತಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಅದು ಪುಸ್ತಕ ಮಾಸ್ತರ. ಪುಸ್ತಕ ನಾನೂ ಓದೇನಿ. ನನಗಂತೂ ಕಾಣೂದಿಲ್ಲ. ನಿಮಗ ಕಾಣ್ತೈತಲ್ಲ. ಕಣ್ಣ ತಗೀರಿ."

ನಾಚಿಕೆಯಾಯಿತು. ಜೀವನದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಹೆದರಿಕೆಗಿಂತ ನಾಚಿಕೆ ದೊಡ್ಡದಾದ್ದರಿಂದಲೇ ಕಣ್ಣು ತೆರೆದೆ.

ಮೊದಲು ಕಂಡದ್ದು ಅವರ ಮುಖ. ಬಿಸಿಲು ನಿಜವಾಗಿಯೂ ಎಡಗೆನ್ನೆಯ ಮೇಲಿತ್ತು. ಅದರಾಚೆ ಕಿಟಕಿ, ಕಿಟಕಿಯಾಚೆ ನಾನು ಮೂವತ್ತೆರಡು ವರ್ಷ ಕಪ್ಪುಹಲಗೆಯ ಮೇಲೆ ಬರೆದು ಒರೆಸಿದ ದ್ವೀಪಗಳು. ನಾನು ಬರೆದದ್ದು ಅವುಗಳಲ್ಲಿ ಯಾವುದನ್ನೂ ಹೋಲುತ್ತಿರಲಿಲ್ಲ. ಯಾವುದೂ ಪೂರ್ತಿ ಉಂಗುರವಿರಲಿಲ್ಲ. ಒಂದು ಬಾಳೆಕಾಯಿಯಂತೆ ಬಾಗಿತ್ತು. ಒಂದರಲ್ಲಿ ತೆಂಗೇ ಇರಲಿಲ್ಲ, ಬರೀ ಒಂದು ದೋಣಿ ಮತ್ತು ಅದರ ನೆರಳು. ನೆರಳು ದೋಣಿಯಿಂದ ದೂರದಲ್ಲಿ, ನೀರಿನ ತಳದಲ್ಲಿ ಬಿದ್ದಿತ್ತು. ಎಲ್ಲವನ್ನೂ ಹೇಳಿದೆ. ಬಾಯಿಗೆ ಬಂದಂತೆ, ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ. ಈ ಹವಳ ಕೆಂಪಲ್ಲ ಕ್ಯಾಪ್ಟನ್, ಡಿಕಾಕ್ಷನ್ ಬಣ್ಣ. ಅಲ್ಲೊಂದು ಮರಳದಿಬ್ಬ, ಒಂದು ಮರವಿಲ್ಲ, ಮನೆಯಿಲ್ಲ, ಮಗುವಿನ ಹಿಮ್ಮಡಿಯಷ್ಟೇ ಇದೆ.

"ಎಲ್ಲಿ? ದೊಡ್ಡ ದ್ವೀಪದ ತೆಂಕಲಕೋ ಬಡಗಲಕೋ?"

"ತೆಂಕಲಕ್ಕೆ."

"ಹಂಗಾರ ಬ್ಯಾಸಿಗಿಗೆ ಬಂದು ಕುಂತೈತಿ," ಎಂದರು. ಕಿಟಕಿಯ ಗಾಜಿಗೆ ಹಣೆ ಒರಗಿಸಿ, ತಮಗೆ ಕಾಣದ ಆ ದಿಬ್ಬಕ್ಕೆ ತಲೆ ಬಗ್ಗಿಸಿದರು.

ಸ್ವಲ್ಪ ಹೊತ್ತಿನ ಮೇಲೆ ಎಂಜಿನ್ನಿನ ಸದ್ದು ಬದಲಾಯಿತು. ಅವರು ನೆಟ್ಟಗೆ ಕೂತರು.

"ಮೂಗು ಎತ್ತ್ಯಾಳ. ಎಂಜಿನ್ ಪೂರ್ತಿ ಸಣ್ಣ ಮಾಡಿಲ್ಲ. ಮಾಸ್ತರ, ನೀರು ಕನ್ನಡಿ ಐತೇನು?"

ಕೆಳಗೆ ನೋಡಿದೆ. ನೀರು ಇರಲಿಲ್ಲ. ಬಿಳಿಯ ಒಂದು ಮೋಡ ನಮ್ಮ ಕಾಲ ಕೆಳಗಿತ್ತು, ಅದರ ಕೆಳಗೂ ಆಕಾಶ. ಎಷ್ಟು ಮೇಲಿದ್ದೇವೆ, ಎಷ್ಟು ಕೆಳಗಿದ್ದೇವೆ, ಒಂದೂ ತಿಳಿಯಲಿಲ್ಲ. "ಕನ್ನಡೀನೇ ಕ್ಯಾಪ್ಟನ್," ಎಂದೆ. "ಎಲ್ಲಿದೆ ಅಂತ ಗೊತ್ತೇ ಆಗ್ತಿಲ್ಲ."

ಅವರು ನನ್ನ ಕೈಯನ್ನು ಸೀಟಿನ ಕಂಬಿಯಿಂದ ಬಿಡಿಸಿ ತಮ್ಮ ಕೈಯಲ್ಲಿಟ್ಟುಕೊಂಡರು. "ಹುಡುಕಬ್ಯಾಡ್ರಿ. ಬರ್ತೈತಿ."

ನಾವಿಬ್ಬರೂ ಕಾದೆವು. ಅವರ ಪಾದಗಳು ನೆಲದಿಂದ ಒಂದಿಷ್ಟು ಮೇಲೆದ್ದಿದ್ದವು. ಆಮೇಲೆ ಕೆಳಗೆ ಎಲ್ಲೋ ರೇಷ್ಮೆ ಬಟ್ಟೆ ಹರಿದ ಸದ್ದಾಯಿತು. ನೀರು ಬಂದು ಮುಟ್ಟಿತ್ತು.

ಆ ದ್ವೀಪದಲ್ಲಿ ಒಂದು ದಿನ ಇದ್ದೆವು. ಸಂಜೆ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾಗ ನಾನು ಹೇಳಿದೆ. "ಎರಡು ವರ್ಷ ತಡ ಮಾಡಿದೆ ಕ್ಯಾಪ್ಟನ್. ಮೊಣಕಾಲೂ ಅಲ್ಲ, ನಿಶ್ಚಿತಾರ್ಥವೂ ಅಲ್ಲ. ಹೆದರಿಕೆ. ಆವಾಗಲೇ ಬಂದಿದ್ರೆ ನೀವೇ ನೋಡ್ತಿದ್ರಿ."

"ಗೊತ್ತಿತ್ರಿ," ಎಂದರು. ಪಾದದಿಂದ ನೀರನ್ನೊಮ್ಮೆ ಕಲಕಿದರು. "ನನಗ ಸಿಟ್ಟು ಬಂದಿತ್ತು ಮಾಸ್ತರ. ಈಗ ಹೋಗೈತಿ ಅಂತ ಹೇಳಿದ್ರ ಸುಳ್ಳಾಗತೈತಿ. ನೋಡಬೇಕಿತ್ತು ನಾನು." ಮತ್ತೆ, "ಆದ್ರ ಇವತ್ತು ನೀವು ಹೇಳಿದ್ದು ಛಲೋ ಇತ್ತು. ಊರಿಗೆ ಹ್ವಾದ ಮ್ಯಾಲ ದಿನಾ ಹೇಳ್ರಿ. ಪುಸ್ತಕದಾಗಿಂದು ಮಾತ್ರ ಬ್ಯಾಡ," ಎಂದರು. ಹೊತ್ತು ಮುಳುಗುತ್ತಿದ್ದುದು ಅವರಿಗೆ ಹೇಗೆ ತಿಳಿಯಿತೋ, ಎದ್ದು ನಿಂತರು.

ಅವರ ಕಣ್ಣಿನ ಕೊನೆಯ ಎರಡು ವರ್ಷವನ್ನು ನಾನು ತಿಂದುಹಾಕಿದೆ. ಅದಕ್ಕೆ ಪ್ರಾಯಶ್ಚಿತ್ತವಿಲ್ಲ. ಮಾಡಬಹುದಾದ್ದನ್ನು ಮಾತ್ರ ಮಾಡಿದೆ. ಆಮೇಲಿನ ಎರಡು ವರ್ಷ ದಿನಾ ಬೆಳಗ್ಗೆ ಕೊಳದ ಕಂಬಿಯ ಹತ್ತಿರ ನಿಂತು ಕಂಡದ್ದನ್ನು ಕಂಡಂತೆ ಹೇಳಿದೆ. ನೀರು ಎರಡು ಮೆಟ್ಟಿಲು ಇಳಿದಿದೆ. ಮಂಟಪದ ಮೇಲೆ ನೀರುಕಾಗೆ ರೆಕ್ಕೆ ಒಣಗಿಸುತ್ತಿದೆ. ಚೆನ್ನಾಗಿಲ್ಲದ್ದನ್ನೂ ಹೇಳಿದೆ, ಪ್ಲಾಸ್ಟಿಕ್ ಚೀಲ, ಪಾಚಿ, ಸತ್ತ ಮೀನು. ಸ್ವಲ್ಪ ಚಂದ ಮಾಡಿ ಹೇಳಿದರೆ ಅವರಿಗೆ ಗೊತ್ತಾಗುತ್ತಿತ್ತು. "ಪುಸ್ತಕ, ಪುಸ್ತಕ," ಎಂದು ಕಂಬಿ ತಟ್ಟುತ್ತಿದ್ದರು.

ಹೋದ ತಿಂಗಳು ಎದೆನೋವೆಂದು ಅವರನ್ನು ಕೀಲ್ಪಾಕಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ನನ್ನನ್ನು ಹೊರಗೆ ಕರೆದು, ಹತ್ತಿರದವರು ಯಾರಾದರೂ ಇದ್ದರೆ ಹೇಳಿ ಕಳುಹಿಸಿ ಎಂದರು. ಗದಗಿನಲ್ಲಿದ್ದ ಅವರ ತಂಗಿಗೆ ಫೋನ್ ಮಾಡಿದೆ, ರೈಲು ಹತ್ತಿದ್ದಳು. ಮರುದಿನ ಬೆಳಗ್ಗೆ ಆರೂವರೆಗೆ ನಾನು ಹಾಸಿಗೆಯ ಪಕ್ಕ ಕೂತಿದ್ದೆ. ಅವರಿಗೆ ಎಚ್ಚರವಾಯಿತು.

"ಮಾಸ್ತರ, ಏನ್ ಕಾಣ್ತೈತ್ರಿ?"

ಕಿಟಕಿಯ ಹೊರಗೆ ನೋಡಿದೆ. ಒಂದು ಕ್ಷಣ ಆಸೆಯಾಯಿತು, ಸುಳ್ಳು ಹೇಳೋಣವೆಂದು. ಹಸಿರುನೀಲಿ ನೀರು, ಡಿಕಾಕ್ಷನ್ ಬಣ್ಣದ ಹವಳ, ತೆಂಕಲಕ್ಕೆ ಬಂದು ಕೂತ ದಿಬ್ಬ. ಈಗ ಅದು ಪುಸ್ತಕವೂ ಅಲ್ಲ, ನಾನೇ ಕಂಡದ್ದು. ಆದರೆ ಆ ಹೊತ್ತಿಗೆ ಕಿಟಕಿಯ ಹೊರಗೆ ಇದ್ದದ್ದು ಅದಲ್ಲ.

"ಪಕ್ಕದ ಬಿಲ್ಡಿಂಗಿನ ಟೆರೇಸು," ಎಂದೆ. "ಮೂರು ಕಪ್ಪು ನೀರಿನ ಟ್ಯಾಂಕು. ಒಂದು ಸೋರ್ತಾ ಇದೆ. ಹಗ್ಗದ ಮೇಲೆ ಒಂದು ಸೀರೆ ಒಣಹಾಕಿದಾರೆ. ಹಳದಿ."

"ಸೀರಿ ಅಳ್ಳಾಡಾಕತ್ತೈತೇನು?"

ನೋಡಿದೆ. ಮತ್ತೊಮ್ಮೆ ನೋಡಿದೆ.

"ಇಲ್ಲ ಕ್ಯಾಪ್ಟನ್. ಒಂಚೂರೂ ಇಲ್ಲ."

"ಗಾಳಿ ಇಲ್ಲ ಹಂಗಾರ," ಎಂದರು. ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು. ಚಳಿಯಾಗಬಾರದೆಂದು ನರ್ಸು ಅವರ ಕಾಲಿಗೆ ದಪ್ಪ ಉಣ್ಣೆಯ ಕಾಲುಚೀಲ ಹಾಕಿದ್ದಳು. ಹೊದಿಕೆಯ ಕೆಳಗೆ ಆ ಕಾಲುಗಳು ಅಲುಗಿದವು. "ಮಾಸ್ತರ, ಇವನ್ನ ತಗೀರಿ."

ನಾನು ಎರಡೂ ಕಾಲುಚೀಲ ತೆಗೆದು ಮಡಿಸಿಟ್ಟೆ. ಹೊದಿಕೆ ಸರಿಸಿ ಅವರ ಪಾದಗಳ ಮೇಲೆ ಕೈಯಿಟ್ಟುಕೊಂಡು ಕೂತೆ. ನಾನು ಕಣ್ಣು ಮುಚ್ಚಲಿಲ್ಲ.